ಇಲ್ಲ ಎಂದರೆ 13ಕ್ಕೆ ಹೋಗಿ

ಜುಲೈ 9

ಅಪ್ಪಾ,

ಇವಳು ಫೋನ್ ಬಿಟ್ಟು ಕಾಗದ ಯಾಕೆ ಬರೀತಿದ್ದಾಳೆ ಅಂತ ಗಾಬರಿ ಆಗಬೇಡಿ. ಚೆನ್ನಾಗಿಯೇ ಇದ್ದೀನಿ. ಫೋನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು", "ಸರಿ ಇಡ್ಲಾ" ಅಂತ ಮೂರೇ ಮಾತಿಗೆ ಮುಗಿಸಿಬಿಡ್ತೀವಿ. ಈ ವಿಷಯ ಮೂರು ಮಾತಲ್ಲಿ ಮುಗಿಯೋದಲ್ಲ.

ಕಾಲೇಜಲ್ಲಿ ಮೊದಲ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಹಾಸ್ಟೆಲ್ ಬಗ್ಗೆ ಇಪ್ಪತ್ತು ಪ್ರಶ್ನೆಗಳ ಒಂದು ಪ್ರಶ್ನಾವಳಿ ಮಾಡಿ ಅಂತ. ಹನ್ನೊಂದು ವರ್ಷ ಹಾಸ್ಟೆಲಲ್ಲೇ ಬೆಳೆದವಳು, ಇದೇನು ಮಹಾ ಅಂದುಕೊಂಡೆ. ಮೇಡಂ ನನ್ನ ಹಾಳೆಯನ್ನ ಇಡೀ ಕ್ಲಾಸಿಗೆ ಓದಿ ಹೇಳಿದ್ರು. ಒಂದನೇ ಪ್ರಶ್ನೆ, "ಹಾಸ್ಟೆಲ್‌ನ ಊಟ ಮತ್ತು ನೀರು ಚೆನ್ನಾಗಿದೆಯೇ?" ಮೇಡಂ, "ಊಟ ಚೆನ್ನಾಗಿದ್ದು ನೀರು ಕೆಟ್ಟಿದ್ರೆ ಏನಮ್ಮಾ ಮಾಡ್ಲಿ, ಅರ್ಧ ಟಿಕ್ ಹಾಕ್ಲಾ?" ಅಂದ್ರು. ಎರಡನೇದು, "ವಾರ್ಡನ್ ಅವರ ಒಳ್ಳೆಯ ನಡವಳಿಕೆ ನಿಮಗೆ ಇಷ್ಟವೇ?" "ಒಳ್ಳೆಯದು ಅಂತ ನೀನೇ ತೀರ್ಪು ಕೊಟ್ಟಾಯ್ತಲ್ಲ, ಇನ್ನು ನನ್ನನ್ನ ಯಾಕೆ ಕೇಳ್ತೀಯ?" ಮೂರನೇದು, ರೂಮಲ್ಲಿ ನಿಮ್ಮ ಜೊತೆ ಎಷ್ಟು ಜನ ಇದ್ದಾರೆ ಅಂತ. ಒಬ್ಬರು, ಇಬ್ಬರು, ಮೂವರು, ಇಷ್ಟೇ ಚೌಕ ಹಾಕಿದ್ದೆ. ಹಿಂದಿನ ಬೆಂಚಿನ ಒಬ್ಬಳು ಒಂಟಿ ರೂಮಲ್ಲಿರೋದು. ಮೇಡಂ ಅವಳನ್ನ ಎಬ್ಬಿಸಿ ನಿಲ್ಲಿಸಿ, "ಈ ಫಾರಂ ಪ್ರಕಾರ ಈ ಹುಡುಗಿ ಹುಟ್ಟೇ ಇಲ್ಲ. ನೆನಪಿಟ್ಕೊಳ್ಳಿ, ಚೌಕ ಇಲ್ಲದವರು ಲೆಕ್ಕಕ್ಕೂ ಇಲ್ಲ" ಅಂದ್ರು. ಎಲ್ಲರೂ ನಕ್ಕರು. ನನಗೆ ಕಿವಿ ಸುಟ್ಟುಹೋಯ್ತು. ಹೆಬ್ಬೆರಳ ಉಗುರು ಪೂರ್ತಿ ಕಚ್ಚಿ ಮುಗಿಸಿದ್ದೀನಿ.

ನಿಜ ಹೇಳ್ಬೇಕಂದ್ರೆ ನನಗೆ ಯಾರನ್ನೂ ಏನೂ ಕೇಳಿ ಅಭ್ಯಾಸವೇ ಇಲ್ಲ. ಹಾಸ್ಟೆಲಲ್ಲಿ ಬೆಲ್ ಹೊಡೀತಾರೆ, ಎದ್ದು ಹೋಗ್ತೀವಿ. ಕೇಳೋದೇನಿದೆ?

ನೀವು ಇಪ್ಪತ್ತೆರಡು ವರ್ಷ ಇದೇ ಡಿಪಾರ್ಟ್‌ಮೆಂಟಿನ ಸಮೀಕ್ಷೆಗಳಿಗೆ ಮನೆ ಮನೆ ಸುತ್ತಿ ಪ್ರಶ್ನೆ ಕೇಳಿದವರು. ಇಲ್ಲಿ ಹಳಬರೆಲ್ಲ ನಿಮ್ಮನ್ನ ಮರೆತಿಲ್ಲ. ಮೇಡಂ ಹಾಜರಿ ಕರೆಯುವಾಗ, "ನೀನು ನಮ್ಮ ಪ್ರಶ್ನೆ ಮೇಷ್ಟ್ರ ಮಗಳಾ? ಅವರ ಫಾರಂನಲ್ಲಿ ಒಂದು ಜಾಗವೂ ಖಾಲಿ ಇರ್ತಿರಲಿಲ್ಲ" ಅಂದ್ರು. ಎದೆ ಉಬ್ಬಿತು, ಜೊತೆಗೆ ಭಯವೂ ಆಯ್ತು. ಕೇಳೋದು ಹೇಗೆ ಅಂತ ಹೇಳಿಕೊಡ್ತೀರಾ?

ನಿಮ್ಮ ಮಗಳು

*

ಜುಲೈ 20

ಪುಟ್ಟಾ,

ಕಾಗದ ನೋಡಿ ಖುಷಿಯಾಯಿತು. ಎರಡು ಸಲ ಓದಿದೆ. ನಿಮ್ಮ ಮೇಡಂ ಹುಡುಗಿಯಾಗಿ ಡಿಪಾರ್ಟ್‌ಮೆಂಟಿಗೆ ಸೇರಿದಾಗ ಅವರಿಗೆ ಪ್ಯಾಡು ಹಿಡಿಯುವುದನ್ನು ಹೇಳಿಕೊಟ್ಟವನು ನಾನೇ. ಈಗ ನನ್ನ ಮಗಳ ಕಿವಿ ಸುಡುತ್ತಾರೆ. ಇರಲಿ, ಒಳ್ಳೆಯದಕ್ಕೇ.

ಪುಸ್ತಕದಲ್ಲಿ ಇರುವುದನ್ನು ಅವರು ಕಲಿಸುತ್ತಾರೆ. ಬಾಗಿಲ ಹತ್ತಿರದ್ದು ನಾನು ಹೇಳುತ್ತೇನೆ.

ಬಾಗಿಲು ತೆರೆದ ಕೂಡಲೇ ಫಾರಂ ತೋರಿಸಬೇಡ. ಕುಡಿಯಲು ನೀರು ಕೇಳು. ನೀರು ಕೊಟ್ಟವರು ಲೋಟ ವಾಪಸ್ಸು ತೆಗೆದುಕೊಳ್ಳಲಿಕ್ಕಾದರೂ ನಿಲ್ಲಬೇಕಲ್ಲ. ಅಷ್ಟರಲ್ಲಿ ಕೂರು ಅನ್ನುತ್ತಾರೆ. ಕೂತರೆ ಅವರಿಗಿಂತ ತಗ್ಗಿನ ಜಾಗದಲ್ಲಿ ಕೂರು. ಮೇಲಿನಿಂದ ಕೇಳಿದ ಪ್ರಶ್ನೆಗೆ ಜನ ಪೊಲೀಸರಿಗೆ ಹೇಳಿದ ಹಾಗೆ ಉತ್ತರ ಹೇಳುತ್ತಾರೆ.

ಮೊದಲು ಸುಲಭದ್ದು ಕೇಳು, ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ ಅಂತ. ನೋವಿನದ್ದು ಮಧ್ಯಕ್ಕೆ ಇಡು. ಕೊನೆಗೆ ಇಟ್ಟರೆ ಅವರು ನೋವಿನಲ್ಲಿರುವಾಗಲೇ ನೀನು ಎದ್ದು ಬಂದ ಹಾಗಾಗುತ್ತದೆ. 'ಗೊತ್ತಿಲ್ಲ' ಎನ್ನುವ ಚೌಕ ತಪ್ಪದೆ ಇಡು. ಅದಿಲ್ಲದಿದ್ದರೆ ಜನ ಮರ್ಯಾದೆಗೆ ಸುಳ್ಳು ಹೇಳುತ್ತಾರೆ. ಪ್ರಶ್ನೆಯನ್ನು ಬಾಯಿಬಿಟ್ಟು ಓದಿ ನೋಡು. ಒಂದೇ ಉಸಿರಿಗೆ ಮುಗಿಯದಿದ್ದರೆ ಅದು ಎರಡು ಪ್ರಶ್ನೆ. ಖಾಲಿ ಮಾತ್ರ ಬಿಡಬೇಡ. ಖಾಲಿ ಬಿಟ್ಟರೆ ಆಮೇಲೆ ಅದರಲ್ಲಿ ಯಾರು ಏನು ಬೇಕಾದರೂ ತುಂಬುತ್ತಾರೆ.

ಇಲ್ಲಿ ಎಲ್ಲ ಮಾಮೂಲು. ಮೂಲೆಮನೆ ಅತ್ತೆ ನಿನ್ನನ್ನು ಕೇಳಿದರು. ಈಗ ಅವರಿಗೆ ಬಾಗಿಲ ತನಕ ಬರುವುದೂ ಕಷ್ಟ. ಮೂಗಿಗೆ ನಳಿಗೆ ಹಾಕಿಕೊಂಡು ಸಿಲಿಂಡರ್ ಪಕ್ಕದಲ್ಲೇ ಕೂತಿರುತ್ತಾರೆ. "ನನಗೊಬ್ಬ ಹೊಸ ಗಂಡ ಬಂದಿದ್ದಾನೆ ನೋಡು, ಮಾತಿಲ್ಲ ಕತೆಯಿಲ್ಲ, ಬರೀ ಬುಸ್ ಅಂತಾನೆ" ಎಂದು ನಗುತ್ತಾರೆ.

ಉಗುರು ಕಚ್ಚಬೇಡ.

ಅಪ್ಪ

*

ಆಗಸ್ಟ್ 17

ಅಪ್ಪಾ,

ನಿಮ್ಮ ಮಾತಿನ ಪ್ರಕಾರ ಪ್ರಶ್ನಾವಳಿ ತಿದ್ದಿ ಕೊಟ್ಟೆ. ಮೇಡಂ ಅಂಚಿನಲ್ಲಿ "ಈಗ ಮನುಷ್ಯರು ಕೇಳಿದ ಹಾಗಿದೆ" ಅಂತ ಬರೆದ್ರು. ಆ ಹಾಳೆಯನ್ನ ದಿಂಬಿನ ಕೆಳಗೆ ಇಟ್ಕೊಂಡಿದ್ದೀನಿ. ರೂಮ್‌ಮೇಟ್ ಅಣಕಿಸ್ತಾಳೆ, "ಲವ್ ಲೆಟರಾ?" ಅಂತ.

ಬಹುಮಾನ ಅನ್ನೋ ಹಾಗೆ ಮೇಡಂ ನನ್ನನ್ನ ಸ್ಟೋರ್ ರೂಮಿಗೆ ಕಳಿಸಿದ್ರು. ಹಳೆಯ ಸಮೀಕ್ಷೆಗಳ ಕಟ್ಟುಗಳೆಲ್ಲ ಅಲ್ಲಿವೆ. ಒಂದು ಕಟ್ಟು ತೆಗೆದು ಅದರ ಪ್ರಶ್ನಾವಳಿಯಲ್ಲಿ ತಪ್ಪು ಹುಡುಕಬೇಕು. ನನಗೆ ಸಿಕ್ಕಿದ್ದು ಹನ್ನೆರಡು ವರ್ಷದ ಹಿಂದಿನ ಉಸಿರಾಟದ ಸಮೀಕ್ಷೆ. ನಮ್ಮ ಬೀದಿದು. ಕಲ್ಲುಪುಡಿ ಮಿಲ್ಲಿನ ಗೋಡೆಯಿಂದ ಶುರುವಾಗಿ ಮೂಲೆಮನೆ ತನಕ ನಲವತ್ತೊಂದು ಮನೆ.

ಹನ್ನೆರಡನೇ ಪ್ರಶ್ನೆ ಹೀಗಿದೆ. "ಕಳೆದ ಮೂರು ತಿಂಗಳಲ್ಲಿ ಮನೆಯವರಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇತ್ತೇ? ಹೌದು ಎಂದರೆ 12ಅ ಇಂದ 12ಒ ವರೆಗೆ ಕೇಳಿ. ಇಲ್ಲ ಎಂದರೆ 13ಕ್ಕೆ ಹೋಗಿ." ಹೌದು ಅಂದ್ರೆ ಹನ್ನೊಂದು ಉಪಪ್ರಶ್ನೆ. ಇಲ್ಲ ಅಂದ್ರೆ ಒಂದೂ ಇಲ್ಲ.

ನಲವತ್ತೊಂದು ಫಾರಂನಲ್ಲೂ 'ಇಲ್ಲ'.

ಅಪ್ಪಾ, ನನಗೆ ಆಗಿನ ಬೀದಿ ಅಷ್ಟಾಗಿ ನೆನಪಿಲ್ಲ. ಕಿಟಕಿ ಕಟ್ಟೆ ಮೇಲೆ ಬಿಳಿ ಪುಡಿ ಕೂತಿರ್ತಿತ್ತು, ನಾನು ಅದರಲ್ಲಿ ಬೆರಳಿಂದ ಮನೆ ಬರೀತಿದ್ದೆ. ಆಮೇಲೆ ಶಬ್ದ ನೆನಪಿದೆ. ಗೋಡೆಯಾಚೆ ಕೆಮ್ಮೋ ಶಬ್ದ. ಎಲ್ಲಾ ಬೀದೀಲೂ ಹಾಗೇ ಇರುತ್ತೆ ಅಂದುಕೊಂಡಿದ್ದೆ.

ಪ್ರಶ್ನೆ ಕೇಳಿದವರ ಹೆಸರಿಲ್ಲ, ನಂಬರ್ ಇದೆ, 07. ಆ ಏಳಕ್ಕೆ ನಡುವೆ ಒಂದು ಅಡ್ಡಗೆರೆ ಇದೆ. ನನ್ನ ಟ್ರಂಕಿನ ಮುಚ್ಚಳದ ಮೇಲೆ ನೀವು ಪೇಂಟಲ್ಲಿ ಬರೆದ ರೂಮ್ ನಂಬರಿನ ಏಳಕ್ಕೂ ಅಂಥದ್ದೇ ಅಡ್ಡಗೆರೆ ಇದೆ.

ಮನೆ ನಂಬರ್ 19ರ ಫಾರಂ ಕೂಡ ಕಟ್ಟಲ್ಲಿದೆ. ಮನೆಯಲ್ಲಿ ಮೂವರು. ಗಂಡ, ಹೆಂಡತಿ, ಮಗಳು (6). ಕೆಮ್ಮು: ಇಲ್ಲ. ತಾರೀಕು ನೋಡಿದೆ. ಅದಾಗಿ ಏಳು ತಿಂಗಳಿಗೆ ಅಮ್ಮ ಹೋದಳು.

ಬೇರೆ ಏನೂ ಇಲ್ಲ. ಊಟ ಸರಿಯಾಗಿ ಮಾಡ್ತಿದ್ದೀನಿ.

ನಿಮ್ಮ ಮಗಳು

*

ಸೆಪ್ಟೆಂಬರ್ 6

ಪುಟ್ಟಾ,

ನಿನ್ನ ಕಾಗದ ಬಂತು. ಉತ್ತರ ಬರೆಯುವುದು ತಡವಾಯಿತು. ಮನೆಯ ಹಿಂಬಾಗಿಲು ಸಡಿಲವಾಗಿತ್ತು, ಬಡಗಿ ಇವತ್ತು ಬರುತ್ತೇನೆ ನಾಳೆ ಬರುತ್ತೇನೆ ಎಂದು ಹತ್ತು ದಿನ ಸತಾಯಿಸಿದ. ಈಗ ಸರಿಯಾಗಿದೆ. ಅಲ್ಲಿ ಚಳಿ ಶುರುವಾಗುತ್ತದೆ ಎಂದು ಒಂದು ಕಂಬಳಿ ಕಳಿಸಿದ್ದೇನೆ, ತಲುಪಿದ ಮೇಲೆ ತಿಳಿಸು. ಮೊದಲು ಒಂದು ಸಲ ಬಿಸಿಲಿಗೆ ಹಾಕು.

ಹಳೆಯ ಕಟ್ಟುಗಳಲ್ಲಿ ತುಂಬ ಧೂಳಿರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ಸಾಧ್ಯವಾದರೆ ಬೇರೆ ಕಟ್ಟು ಕೇಳಿ ತೆಗೆದುಕೋ. ಕುಡಿಯುವ ನೀರಿನ ಸಮೀಕ್ಷೆಯದು ಚೆನ್ನಾಗಿತ್ತು.

ಅಪ್ಪ

*

ಸೆಪ್ಟೆಂಬರ್ 24

ಅಪ್ಪಾ,

ಕಂಬಳಿ ಬಂತು. ಬಿಸಿಲಿಗೆ ಹಾಕಿದ್ದೀನಿ.

ನಾನು ಏನನ್ನೂ ಕೇಳಿರಲೇ ಇಲ್ಲ, ಆದರೂ ನೀವು ಉತ್ತರ ತಪ್ಪಿಸಿದ್ರಿ. ಹಾಗಾದ್ರೆ ಪ್ರಶ್ನೆ ನಿಮಗೆ ಗೊತ್ತಿತ್ತು.

ಈಗ ನನಗೆ ಗೊತ್ತಾಗಿರೋದನ್ನ ಹೇಳ್ತೀನಿ. ಮಿಲ್ಲಿಗೆ ಧೂಳು ತಡೆಯೋ ಪರದೆ ಹಾಕಿದ್ದು ಹತ್ತು ವರ್ಷದ ಹಿಂದೆ. ಅದಕ್ಕೂ ಮೊದಲೇ ಕಾಯಿಲೆ ಬಿದ್ದವರ ಚಿಕಿತ್ಸೆ, ಸಿಲಿಂಡರು ಎಲ್ಲ ಮಿಲ್ಲಿನವರೇ ನೋಡಿಕೊಳ್ಳಬೇಕಾ ಬೇಡ್ವಾ ಅಂತ ಒಂದು ಸಮಿತಿ ಕೂತಿದೆಯಂತೆ. ಮೂಲೆಮನೆ ಅತ್ತೆ ಹೆಸರೂ ಆ ಕಾಯಿಲೆಯವರ ಪಟ್ಟಿಯಲ್ಲಿದೆಯಂತೆ. ಇದೆಲ್ಲ ನಿಮಗೆ ಗೊತ್ತೇ ಇರುತ್ತೆ, ಅದೇ ಬೀದಿಯವರು ನೀವು. ನಿಮಗೆ ಗೊತ್ತಿಲ್ಲದ್ದು ಇದು: ಮಿಲ್ಲಿನ ವಕೀಲರು ನಮ್ಮ ಡಿಪಾರ್ಟ್‌ಮೆಂಟಿಂದ ಆ ನಲವತ್ತೊಂದು ಫಾರಂಗಳ ನಕಲು ತಗೊಂಡು ಹೋದ್ರು. ಪರದೆಗೆ ಮುಂಚೆ ಆ ಬೀದೀಲಿ ಒಬ್ಬರೂ ಕೆಮ್ಮಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಜೆರಾಕ್ಸ್ ಮಾಡಿ ಕೊಟ್ಟವಳು ನಾನೇ, ಅಪ್ಪಾ. ಮೇಡಂ ಹೇಳಿದ್ರು, ಮಾಡಿದೆ. ಹತ್ತೊಂಬತ್ತನೇದು ಮಷಿನ್‌ನಿಂದ ಬಿಸಿಬಿಸಿಯಾಗಿ ಹೊರಗೆ ಬಂತು. "ಎಷ್ಟು ಕ್ಲೀನ್ ಡೇಟಾ" ಅಂದ್ರು ಮೇಡಂ. ಜೋಡಿಸಿ, ಪಿನ್ ಹೊಡೆದು ಕೊಟ್ಟೆ.

ನಮಗೆ ಬಾಯಲ್ಲಿ ಮಾತಾಡೋಕೆ ಬರಲ್ಲ. ಅದಕ್ಕೇ ನಿಮಗೊಂದು ಫಾರಂ ಮಾಡಿದ್ದೀನಿ. ಹಳೆಯದರ ತಪ್ಪು ಯಾವುದು ಅಂತ ನನಗೆ ಗೊತ್ತಾಯ್ತು. ಅದು 'ಇಲ್ಲ' ಅಂದವರಿಗೆ ಬೇಗ ಬಿಡುಗಡೆ ಕೊಡುತ್ತೆ. ಕೇಳೋರಿಗೂ, ಹೇಳೋರಿಗೂ. ನನ್ನದರಲ್ಲಿ ಹೌದು-ಇಲ್ಲ ಎಲ್ಲ ಮೊದಲೇ ಮುಗಿಯುತ್ತೆ. ಏನೇ ಟಿಕ್ ಮಾಡಿದ್ರೂ ಕೆಳಗೆ ವಿವರ ಬರೆಯಲೇಬೇಕು. 'ಇಲ್ಲ' ಅಂದರೂ ಒಂದು ಸಾಲಿನ ಕೆಲಸವೂ ಕಮ್ಮಿ ಆಗಲ್ಲ.

1. ನಂಬರ್ 07 ನೀವೇನಾ? ಹೌದು ☐ ಅಲ್ಲ ☐
2. ಹನ್ನೆರಡನೇ ಪ್ರಶ್ನೆಯನ್ನು ನಲವತ್ತೊಂದು ಮನೆಯಲ್ಲೂ ಕೇಳಿದಿರಾ? ಹೌದು ☐ ಇಲ್ಲ ☐
3. ಯಾರಾದರೂ ಹೌದು ಅಂದಿದ್ದರಾ? ಹೌದು ☐ ಇಲ್ಲ ☐
4. ಮನೆ ನಂಬರ್ 19ರಲ್ಲಿ ಕೇಳಿದಿರಾ? ಹೌದು ☐ ಇಲ್ಲ ☐
5. ಆಗ ಅಮ್ಮ ಕೆಮ್ಮುತ್ತಿದ್ದಳಾ? ಹೌದು ☐ ಇಲ್ಲ ☐
6. ಇದನ್ನು ಸಮಿತಿಯ ಮುಂದೆ ಹೇಳುತ್ತೀರಾ? ಹೌದು ☐ ಇಲ್ಲ ☐

ವಿಚಾರಣೆ ನವೆಂಬರ್ 11ಕ್ಕೆ.

ನಿಮ್ಮ ಮಗಳು

*

ಅಕ್ಟೋಬರ್ 15

ಪುಟ್ಟಾ,

ಫಾರಂ ಚೆನ್ನಾಗಿ ಮಾಡಿದ್ದೀಯ. 'ಗೊತ್ತಿಲ್ಲ' ಎನ್ನುವ ಚೌಕ ಇಟ್ಟಿಲ್ಲ. ನನಗೆ ಅದನ್ನು ಇಡದಿದ್ದದ್ದೇ ಒಳ್ಳೆಯದಾಯಿತು. ಎರಡು ವಾರ ಮೇಜಿನ ಮೇಲಿತ್ತು. ಊಟದ ತಟ್ಟೆಯನ್ನು ಅದರ ಪಕ್ಕದಲ್ಲೇ ಇಟ್ಟುಕೊಂಡು ಉಣ್ಣುತ್ತಿದ್ದೆ.

ಒಂದು. ಹೌದು. 07 ನಾನೇ.

ಎರಡು. ಇಲ್ಲ. ನಮ್ಮ ಮನೆ ಬಿಟ್ಟರೆ ಮೂರು ಮನೆಯಲ್ಲಿ ಮಾತ್ರ ಕೇಳಿದೆ. ಮಿಲ್ಲಿನ ಗೋಡೆಯ ಪಕ್ಕದ ಮೂರು ಮನೆ.

ಮೂರು. ಹೌದು. ಮೂರೂ ಮನೆಯವರು ಹೌದು ಅಂದರು. ಒಂದೊಂದು ಮನೆಯಲ್ಲಿ ಇಬ್ಬರು, ಮೂವರು. ಒಬ್ಬೊಬ್ಬರಿಗೂ ಹನ್ನೊಂದು ಪ್ರಶ್ನೆ. ಯಾವಾಗಿನಿಂದ, ಕಫವಿದೆಯೇ, ಕಫದ ಬಣ್ಣವೇನು, ಯಾರಿಗೆ ತೋರಿಸಿದಿರಿ, ಹೀಗೆ. ಮಧ್ಯಾಹ್ನದ ಹೊತ್ತಿಗೆ ಮೂರೇ ಮನೆ ಮುಗಿದಿದ್ದವು. ದಿನಕ್ಕೆ ಹತ್ತು ಮನೆ ಆಗಬೇಕಿತ್ತು. ಸೂಪರ್‌ವೈಸರು, "ಏನ್ರೀ ಮೇಷ್ಟ್ರೇ, ಮದುವೆ ಮಾತುಕತೆಗೆ ಕೂತಿದ್ದೀರಾ?" ಎಂದರು. ನಾಲ್ಕನೇ ಮನೆಯಿಂದ ನಾನು ಆ ಪ್ರಶ್ನೆಯನ್ನು ಬಾಯಿಗೆ ತರಲೇ ಇಲ್ಲ. ಹನ್ನೊಂದರಿಂದ ನೇರ ಹದಿಮೂರಕ್ಕೆ ಹೋದೆ. ಮೂರು ಹೌದು, ಮೂವತ್ತೆಂಟು ಇಲ್ಲ ಎಂದಿದ್ದರೆ ಪರಿಶೀಲನೆ ಮಾಡುವವರು ಮತ್ತೆ ಕಳಿಸುತ್ತಾರೆ. ನಲವತ್ತೊಂದೂ ಇಲ್ಲ ಎಂದರೆ ಯಾರೂ ಕೇಳುವುದಿಲ್ಲ. ಅದಕ್ಕೇ ಆ ಮೂರು ಫಾರಂಗಳನ್ನು ಹೊಸದಾಗಿ ಬರೆದೆ. ಆ ವರ್ಷವೇ ನನಗೆ ಆ ಸರ್ಟಿಫಿಕೇಟು ಕೊಟ್ಟರು, ಒಂದು ಜಾಗವೂ ಖಾಲಿಯಿಲ್ಲದ ಫಾರಂಗಳಿಗಾಗಿ. ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೆನಲ್ಲ, ಅದು.

ನಾಲ್ಕು. ಹೌದು ಎಂದೇ ಟಿಕ್ ಮಾಡಿದ್ದೇನೆ. ವಿವರ ಬರೆಯುತ್ತೇನೆ. ಸ್ವಂತ ಮನೆಯದನ್ನು ಬೇರೆಯವರು ಕೇಳಬೇಕು ಎಂಬ ನಿಯಮವಿತ್ತು. ನಾನೇ ತುಂಬಿಸಿದೆ. ಮಧ್ಯಾಹ್ನ ಊಟಕ್ಕೆ ಬಂದವನು ಅಡುಗೆಮನೆಯಲ್ಲಿ ಕೂತು, ತಮಾಷೆಗೆ, ಆಫೀಸಿನ ಧ್ವನಿಯಲ್ಲಿ ನಿನ್ನ ಅಮ್ಮನಿಗೆ ಓದಿ ಹೇಳಿದೆ. "ಅಮ್ಮಾವ್ರೇ, ಮನೆಯವರಲ್ಲಿ ಯಾರಿಗಾದರೂ ಕೆಮ್ಮು ಇತ್ತೇ?" ಅವಳು ನಕ್ಕಳು. "ಇಲ್ಲ ಅಂತ ಬರ್ಕೊಳ್ಳಿ ಸಾಹೇಬ್ರೇ. ಹೌದು ಅಂದ್ರೆ ಹನ್ನೊಂದು ಪ್ರಶ್ನೆ ಅಂತ ನೀವೇ ಗೊಣಗ್ತೀರಲ್ಲ. ಅನ್ನ ಆರ್ತಿದೆ" ಎಂದಳು. ನಗುತ್ತಾ ನಗುತ್ತಾ ಅದೇ ಕೆಮ್ಮಾಯಿತು. ಗೋಡೆ ಹಿಡಿದುಕೊಂಡಳು.

ನೀನು ನನ್ನ ತೊಡೆಯ ಮೇಲೆ ಕೂತಿದ್ದೆ. ಪ್ಯಾಡಿನ ಕ್ಲಿಪ್ಪನ್ನು ಟಕ್ ಟಕ್ ಮಾಡುತ್ತಿದ್ದೆ. "ಅಮ್ಮ ದಿನಾ ಕೆಮ್ತಾಳಪ್ಪಾ, ಹೌದು ಅಂತ ಬರಿ" ಎಂದೆ ನೀನು. ನಾನು ನಿನ್ನ ಗಲ್ಲ ಹಿಡಿದು, "ಹದಿನೆಂಟು ತುಂಬದವರ ಉತ್ತರ ನಡೆಯೋದಿಲ್ಲ ಪುಟ್ಟಾ" ಎಂದೆ. ಅದೂ ನಿಯಮವೇ. ಆ ದಿನ ನಾನು ಪಾಲಿಸಿದ ನಿಯಮ ಅದೊಂದೇ.

ಐದು. ಹೌದು.

ಅವಳು ಹೋದ ಮೂರನೇ ತಿಂಗಳಿಗೆ ನಿನ್ನನ್ನು ಹಾಸ್ಟೆಲಿಗೆ ಬಿಟ್ಟೆ. ಅಲ್ಲಿ ಶಾಲೆ ಚೆನ್ನಾಗಿದೆ ಎಂದು ಎಲ್ಲರಿಗೂ ಹೇಳಿದೆ. ಚೆನ್ನಾಗಿಯೇ ಇತ್ತು. ಆದರೆ ನೀನು ಆಗ ಮನೆಗೆ ಬಂದವರಿಗೆಲ್ಲ "ಅಮ್ಮ ಕೆಮ್ತಿದ್ಲು, ನಾನು ಹೇಳಿದ್ದೆ" ಅನ್ನುತ್ತಿದ್ದೆ. ಬಂದವರು ನಿನ್ನನ್ನು ಅಪ್ಪಿಕೊಂಡು ಅಳುತ್ತಿದ್ದರು. ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಎರಡೇ ವರ್ಷಕ್ಕೆ ನೀನು ಅದನ್ನು ಮರೆತೆ. ಮರೆಯಲಿ ಎಂದೇ ಕಳಿಸಿದ್ದು.

ಆರು. ಈ ಬೀದಿಯಲ್ಲಿ ಈಗಲೂ ನನಗೆ ಪ್ರಶ್ನೆ ಮೇಷ್ಟ್ರು ಎಂದು ಎದ್ದು ನಿಂತು ಜಾಗ ಕೊಡುತ್ತಾರೆ. ಮೂಲೆಮನೆ ಅತ್ತೆ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ ಬರೆಸಿಕೊಂಡದ್ದೂ ನನ್ನ ಕೈಯಲ್ಲೇ. ಬರೆದೆ. "ನಿಮ್ಮ ಅಕ್ಷರ ಇದ್ರೆ ಸಾಕು, ಕೆಲಸ ಆಗುತ್ತೆ" ಎಂದರು. ಆರನೇ ಚೌಕವನ್ನು ಕೊನೆಗೆ ತುಂಬಿಸಿದೆ. ಹೌದು.

ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಹಳೆಯ ಖಾಲಿ ಫಾರಂ ಒಂದು ನನ್ನ ಪೆಟ್ಟಿಗೆಯಲ್ಲಿ ಉಳಿದಿತ್ತು. ಮನೆ ನಂಬರ್ 19ರದ್ದನ್ನು ಮತ್ತೆ ತುಂಬಿಸಿದ್ದೇನೆ. ಪ್ರಶ್ನೆ 12: ಹೌದು. ಉಪಪ್ರಶ್ನೆಗಳಿಗೂ ಬರೆದಿದ್ದೇನೆ. 'ಉತ್ತರ ನೀಡಿದವರು' ಎನ್ನುವಲ್ಲಿ 'ಮಗಳು, ವಯಸ್ಸು 6' ಎಂದು ಹಾಕಿದ್ದೇನೆ.

ಅಪ್ಪ

*

ನವೆಂಬರ್ 28

ಅಪ್ಪಾ,

ಹನ್ನೊಂದನೇ ತಾರೀಕು ನೀವು ನನ್ನನ್ನ ನೋಡಿದ್ರೋ ಇಲ್ವೋ ಗೊತ್ತಿಲ್ಲ. ಮೇಡಂ ಜೊತೆ ಕೊನೇ ಸಾಲಲ್ಲಿ ಕೂತಿದ್ದೆ. ಕುರ್ಚಿ ಕೊಟ್ಟರೂ ನೀವು ಕೂರಲಿಲ್ಲ. ಎಲ್ಲ ಹೇಳಿದ್ರಿ, ನನಗೆ ಬರೆದ ಹಾಗೆಯೇ, ಒಂದು ಎರಡು ಅಂತ. ಆಮೇಲೆ ಆ ವಕೀಲರು, "ಆಗ ಸುಳ್ಳು ಬರೆದಿರಿ ಅಂತ ನೀವೇ ಒಪ್ಪುತ್ತೀರಿ. ಈಗ ಹೇಳ್ತಿರೋದು ನಿಜ ಅಂತ ನಾವು ಹೇಗೆ ನಂಬೋದು?" ಅಂದ್ರು. ನೀವು ಆ ಪ್ರಶ್ನೆಯನ್ನ ಖಾಲಿ ಬಿಟ್ಟು ಹೊರಗೆ ನಡೆದ್ರಿ. ಹೊರಗೆ ಓಡಿ ಬರೋಷ್ಟರಲ್ಲಿ ಬಸ್ಸು ಹತ್ತಿ ಹೋಗಿದ್ರಿ.

ತೀರ್ಮಾನ ಮೊನ್ನೆ ಬಂತು. ನಂಬರ್ 07ರ ಫಾರಂಗಳನ್ನ ಸಾಕ್ಷಿಯಿಂದ ತೆಗೆದುಹಾಕಿದ್ದಾರೆ. ಆದ್ರೆ ನಲವತ್ತೊಂದು 'ಇಲ್ಲ' ಹೋಗಿ ನಲವತ್ತೊಂದು 'ಹೌದು' ಆಗಲಿಲ್ಲ ಅಪ್ಪಾ. 'ಮಾಹಿತಿ ಲಭ್ಯವಿಲ್ಲ' ಆಯ್ತು, ಅಷ್ಟೇ. ಮತ್ತೆ ಸಮೀಕ್ಷೆ ಆಗೋ ತನಕ ಪಟ್ಟಿ ಹಾಗೇ ನಿಂತಿರುತ್ತೆ. ಮೂಲೆಮನೆ ಅತ್ತೆ ಅಷ್ಟು ದಿನ ಕಾಯ್ತಾರಾ ಅಂತ ಮೇಡಂನ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡ್ರು.

ಅತ್ತೆಗೆ ಫೋನ್ ಮಾಡಿದ್ದೆ. ಎರಡು ಮಾತಿಗೊಂದು ಸಲ ಉಸಿರು ಎಳ್ಕೊಂಡು, "ನಿಮ್ಮಪ್ಪ ದಿನಾ ಸಾಯಂಕಾಲ ಗೇಟಿನ ಹತ್ರ ಬಂದು ನಿಲ್ತಾನೆ. ನಾನು ಬಾಗಿಲು ತೆಗೆಯಲ್ಲ. ತೆಗೆಯೋಕೆ ಎದ್ದು ಬರೋ ಶಕ್ತಿ ಇಲ್ಲ ಅಂತ ಅವನಿಗೆ ಹೇಳಿಬಿಡು" ಅಂದ್ರು. ಶಕ್ತಿ ಇಲ್ಲದ್ದೋ, ಮನಸ್ಸಿಲ್ಲದ್ದೋ, ನಾನು ಕೇಳಲಿಲ್ಲ.

ನಾನು ಸಮಿತಿಗೆ ಕೊಟ್ಟಿದ್ದ ಮನೆ ನಂಬರ್ 19ರ ಹೊಸ ಫಾರಂ ವಾಪಸ್ಸು ಬಂತು. ಉತ್ತರ ನೀಡಿದವರಿಗೆ ಹದಿನೆಂಟು ತುಂಬಿಲ್ಲ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಈಗ ನನ್ನ ಹತ್ರ ಇದೆ. ನನಗೆ ಆ ಮಧ್ಯಾಹ್ನ ನೆನಪಿಲ್ಲ. ಎಷ್ಟು ಪ್ರಯತ್ನಪಟ್ಟರೂ ಆ ಕ್ಲಿಪ್ಪಿನ ಶಬ್ದ ಮಾತ್ರ ಬರುತ್ತೆ, ಅದೂ ನೀವು ಬರೆದ ಮೇಲೆ. ನಾನು ಹೇಳಿದ್ದೆ ಅನ್ನೋದು ಸಮಾಧಾನವೋ ಏನೋ ತಿಳೀತಿಲ್ಲ. ನಿಮ್ಮ ಮೇಲೆ ಸಿಟ್ಟಿದೆ. ಬೆಳಗ್ಗೆ ಎದ್ದಾಗ ಸಿಟ್ಟು ನನಗಿಂತ ಮೊದಲೇ ಎದ್ದು ಕೂತಿರುತ್ತೆ.

ಹನ್ನೊಂದು ಉಪಪ್ರಶ್ನೆಯಲ್ಲಿ ಹತ್ತಕ್ಕೆ ಬರೆದಿದ್ದೀರಿ. ಕೊನೆಯ 12ಒ ಖಾಲಿ ಬಿಟ್ಟಿದ್ದೀರಿ. "ಆ ವ್ಯಕ್ತಿ ಈಗ ಹೇಗಿದ್ದಾರೆ?" ಗುಣವಾಗಿದ್ದಾರೆ, ಚಿಕಿತ್ಸೆಯಲ್ಲಿದ್ದಾರೆ, ಗೊತ್ತಿಲ್ಲ. ಮೂರೇ ಚೌಕ. ತೀರಿಕೊಂಡಿದ್ದಾರೆ ಅನ್ನೋದಕ್ಕೆ ಚೌಕವೇ ಇಲ್ಲ. ಸ್ಟೋರ್ ರೂಮಲ್ಲಿ ಮೂರು ವಾರ ತಪ್ಪು ಹುಡುಕಿದವಳು ನಾನು, ನನಗೂ ಇದು ಕಂಡಿರಲಿಲ್ಲ.

ಹೊಸ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಆ ಚೌಕ ಇದೆ. ಮೇಡಂ ನನಗೇ ಬರೆಯೋಕೆ ಕೊಟ್ರು. ಎಲ್ಲ ಹೌದು-ಇಲ್ಲ ಮೊದಲೇ ಬರುತ್ತೆ, ಇಲ್ಲ ಅಂದ್ರೂ ಕೆಲಸ ಏನೂ ಕಮ್ಮಿ ಆಗಲ್ಲ. ದಿನಕ್ಕೆ ನಾಲ್ಕೇ ಮನೆ.

ಡಿಸೆಂಬರ್ 6, ಭಾನುವಾರ, ಬೆಳಗ್ಗೆ ಹತ್ತಕ್ಕೆ ನಮ್ಮ ಮನೆಯಿಂದಲೇ ಶುರು. ಸ್ವಂತ ಮನೆಯದನ್ನ ನಾನು ಕೇಳೋ ಹಾಗಿಲ್ಲ. ರೂಮ್‌ಮೇಟ್ ಕೇಳ್ತಾಳೆ. ನಾನು ಉತ್ತರ ಹೇಳೋರ ಕಡೆ ಕೂರ್ತೀನಿ, ನಿಮ್ಮ ಪಕ್ಕ. ನನಗೀಗ ಹದಿನೆಂಟು ತುಂಬಿದೆ.

ಅವಳು ಬಾಗಿಲಲ್ಲಿ ನಿಂತು ಮೊದಲು ನೀರು ಕೇಳ್ತಾಳೆ. ನಾನೇ ಹೇಳಿಕೊಟ್ಟಿದ್ದೀನಿ. ಎರಡು ಲೋಟ ತೆಗೆದಿಟ್ಟಿರಿ.

ನಿಮ್ಮ ಮಗಳು